ಕೆರೆಯಂಗಳದ ಬಿರುಕು, ಕಡಲ ನಡುವಿನ ಕಂಬ

ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ಕೋಲಾರ ಜಿಲ್ಲೆಯ ಮಕ್ಕಳಿಗೆ ಹೊಸದೇನಲ್ಲ. ನೀರು ಇಂಗಿ, ಕೆಸರು ಒಣಗಿ, ನೆಲವೆಲ್ಲ ಬಿರುಕು ಬಿಟ್ಟಿರುತ್ತದೆ. ಬಿರುಕುಗಳ ನಡುವೆ ಹಪ್ಪಳದಂತೆ ಅಂಚು ಮೇಲೆದ್ದ ಮಣ್ಣಿನ ಬಿಲ್ಲೆಗಳು. ಕೆಲವಕ್ಕೆ ನಾಲ್ಕು ಮೂಲೆ, ಕೆಲವಕ್ಕೆ ಐದು, ಇನ್ನು ಕೆಲವಕ್ಕೆ ಆರು. ದನ ಮೇಯಿಸಲು ಹೋದ ಹುಡುಗರು ಅವನ್ನು ಕಿತ್ತು ಒಂದರ ಮೇಲೊಂದು ಜೋಡಿಸಿ ಗೋಪುರ ಕಟ್ಟುವುದುಂಟು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಹರಿದ ಕೆರೆಗಳಲ್ಲಿ ಈ ನೋಟ ಕಡಿಮೆಯಾಗಿದೆ. ಉಳಿದೆಡೆ ಪ್ರತಿ ಬೇಸಿಗೆಯಲ್ಲೂ ಅದೇ ಚಿತ್ರ.

ಈ ಚಿತ್ರವನ್ನೇ ಯಾರೋ ಕಲ್ಲಿನಲ್ಲಿ ಕಡೆದು, ಆಳುದ್ದಕ್ಕಿಂತ ಎತ್ತರಕ್ಕೆ ಬೆಳೆಸಿ, ಸಮುದ್ರದ ನಡುವೆ ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಅಂಥದೊಂದು ಜಾಗ ನಮ್ಮ ರಾಜ್ಯದಲ್ಲೇ ಇದೆ. ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದಲ್ಲಿರುವ ಸೇಂಟ್ ಮೇರೀಸ್ ದ್ವೀಪಸಮೂಹ. ಅಲ್ಲಿ ಮನೆಗಳಿಲ್ಲ, ರಸ್ತೆಗಳಿಲ್ಲ. ರಾತ್ರಿ ಉಳಿಯುವವರೂ ಇಲ್ಲ. ತೆಂಗಿನ ಮರ, ಕಪ್ಪೆಚಿಪ್ಪು ಹಾಸಿದ ದಡ, ಸಾಲುಸಾಲು ಕಲ್ಲುಕಂಬ, ಸುತ್ತ ನೀರು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕುಟುಂಬಗಳು ರಜೆ ಎಂದರೆ ತಿರುಪತಿಗೋ ಬೆಂಗಳೂರಿನ ನೆಂಟರ ಮನೆಗೋ ಹೋಗುವುದು ವಾಡಿಕೆ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಗಿನ ಶಾಲೆಯ ಗಂಟೆಯೊಳಗೆ ವಾಪಸಾಗುವಂತೆ ಈ ದ್ವೀಪವನ್ನೂ ನೋಡಿಬರಬಹುದು. ಮೈಮನಸ್ಸಿಗೆ ವಿಶ್ರಾಂತಿ ಸಿಗುತ್ತದೆ. ಜೊತೆಗೆ, ತಮ್ಮೂರಿನ ಕೆರೆಯಂಗಳವನ್ನೂ ಬಂಡೆಗಳನ್ನೂ ಮಕ್ಕಳು ಹೊಸ ಕಣ್ಣಿನಿಂದ ನೋಡಲು ಕಲಿಯುತ್ತಾರೆ.

ಮನೆಮುಂದಿನ ಹೆದ್ದಾರಿಯ ಇನ್ನೊಂದು ತುದಿ

ಮುಳಬಾಗಿಲು ಮತ್ತು ಕೋಲಾರದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳನ್ನು ಕೇಳಿದರೆ ಹೆಚ್ಚಿನವರು ‘ಬೆಂಗಳೂರಿಗೆ’ ಎನ್ನುತ್ತಾರೆ. ಅದು ಅಲ್ಲಿಗೆ ನಿಲ್ಲುವುದಿಲ್ಲ. ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ದಕ್ಷಿಣ ಕನ್ನಡದ ಬಂಟ್ವಾಳದವರೆಗೆ ಹೋಗುತ್ತದೆ. ಅಲ್ಲಿಂದ ಮಂಗಳೂರು, ಮಂಗಳೂರಿನಿಂದ ಕರಾವಳಿಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸುಮಾರು 60 ಕಿ.ಮೀ. ಹೋದರೆ ಉಡುಪಿ. ಕೋಲಾರದಿಂದ ಒಟ್ಟು 470 ಕಿ.ಮೀ. ಆಸುಪಾಸು.

ರೈಲಿನಲ್ಲಿ ಹೋಗುವವರಿಗೆ ಮಾಲೂರು ಬೆಂಗಳೂರು-ಚೆನ್ನೈ ಮಾರ್ಗದ ಮೇಲೆಯೇ ಇದೆ. ಕೋಲಾರ, ಶ್ರೀನಿವಾಸಪುರಗಳಲ್ಲೂ ನಿಲ್ದಾಣಗಳಿವೆ. ಮುಳಬಾಗಿಲಿನವರು ಮಾತ್ರ ಬಸ್ಸನ್ನೇ ನೆಚ್ಚಬೇಕು. ಬೆಂಗಳೂರಿನಿಂದ ಕಾರವಾರದ ಕಡೆಗೆ ಹೋಗುವ ರಾತ್ರಿ ರೈಲು ಉಡುಪಿಯಲ್ಲಿ ಇಳಿಸುತ್ತದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಘಟ್ಟದಲ್ಲಿ ಈ ಹಳಿ 57 ಸುರಂಗಗಳನ್ನು ಹಾದುಹೋಗುತ್ತದೆ. ರಾತ್ರಿ ಕಣ್ಣಿಗೆ ಕಾಣದಿದ್ದರೂ ರೈಲಿನ ಸದ್ದು ಬದಲಾಗುವುದರಿಂದಲೇ ಎಚ್ಚರವಿರುವ ಮಕ್ಕಳು ಸುರಂಗಗಳನ್ನು ಎಣಿಸಬಹುದು.

ಈ ಪಯಣವೇ ಒಂದು ಭೂಗೋಳದ ಪಾಠ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಅಲ್ಲಿನ ಒಲೆಯ ಮೇಲೆ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಪುಸ್ತಕದಲ್ಲಿರುವ 100 ಡಿಗ್ರಿ ನಿಜವಾಗುವುದು ಮಲ್ಪೆಯ ದಡದಲ್ಲಿ! ಕೋಲಾರದಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆಯಾದರೆ ಉಡುಪಿಯಲ್ಲಿ 4000 ಮಿ.ಮೀ. ಸುರಿಯುತ್ತದೆ. ಕೋಲಾರದಲ್ಲಿ ಬಿದ್ದ ಮಳೆ ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿಯತ್ತ ಹೋಗುತ್ತದೆ. ಘಟ್ಟದ ಆಚೆಯ ಮಳೆ ಪಶ್ಚಿಮಕ್ಕೆ ಹರಿದು ಒಂದೆರಡು ದಿನದಲ್ಲೇ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ರಾತ್ರಿಯಲ್ಲಿ ಹೆಂಚು ಬದಲಾಗುತ್ತದೆ, ಮರ ಬದಲಾಗುತ್ತದೆ, ಕನ್ನಡದ ರಾಗ ಬದಲಾಗುತ್ತದೆ. ಮುಳಬಾಗಿಲು ದೋಸೆ ತಿಂದು ಬೆಳೆದ ಬಾಯಿಗೆ ಬೆಳಗಿನ ತಿಂಡಿಗೆ ನೀರುದೋಸೆ ಸಿಗುತ್ತದೆ.

ಕಂಬಗಳ ಕಾಡು

ಉಡುಪಿಯಿಂದ ಮಲ್ಪೆಗೆ ಬಸ್ಸಿನಲ್ಲಿ ಕಾಲುಗಂಟೆಯ ಹಾದಿ. ಮಲ್ಪೆ ದೊಡ್ಡ ಮೀನುಗಾರಿಕೆ ಬಂದರು. ಒಣಮೀನಿನ ವಾಸನೆಗೆ ಬಯಲುಸೀಮೆಯ ಮಕ್ಕಳು ಮೊದಲು ಮೂಗು ಮುಚ್ಚಿಕೊಂಡರೂ ಬಣ್ಣಬಣ್ಣದ ದೋಣಿಗಳನ್ನು ನೋಡುತ್ತ ಮರೆತುಬಿಡುತ್ತಾರೆ. ಇಲ್ಲಿಂದ ದ್ವೀಪಕ್ಕೆ ಯಂತ್ರದ ದೋಣಿ. ದಡ ಹಿಂದಕ್ಕೆ ಸರಿದು, ತೆಂಗಿನ ತೋಪು ಹಸಿರು ಗೆರೆಯಾಗಿ, ಮುಂದೆ ಇನ್ನೊಂದು ಹಸಿರು ಗೆರೆ ಏಳುತ್ತದೆ. ಅದೇ ದ್ವೀಪ.

ಈ ಗುಂಪಿನಲ್ಲಿ ಮುಖ್ಯವಾದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ ಮತ್ತು ದರಿಯಾ ಬಹದ್ದೂರ್‌ಗಡ. ಪ್ರವಾಸಿಗರು ಹೋಗುವುದು ತೆಂಗಿನ ದ್ವೀಪಕ್ಕೆ. ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ಊರಿನ ಒಂದು ಸಾಧಾರಣ ಕೆರೆಯ ಏರಿಗಿಂತ ಹೆಚ್ಚೇನೂ ಉದ್ದವಿಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಗೆ ಬಂದು ಮೇರಿ ಮಾತೆಯ ಹೆಸರಿನಲ್ಲಿ ಶಿಲುಬೆ ನೆಟ್ಟನೆಂದೂ ಅದರಿಂದಲೇ ಈ ಹೆಸರು ಬಂದಿತೆಂದೂ ಹೇಳುತ್ತಾರೆ.

ದಡದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಹೆಜ್ಜೆ ಇಟ್ಟರೆ ಚರಚರ ಸದ್ದು. ಸ್ವಲ್ಪ ಮುಂದೆ ಹೋದರೆ ಕಂಬಗಳು. ಕೆಲವು ನೆಟ್ಟಗೆ, ಕೆಲವು ಓರೆಯಾಗಿ, ಕೆಲವು ಮುರಿದು ಮೆಟ್ಟಿಲಿನಂತೆ. ಅತಿ ಎತ್ತರದ ಕಂಬ ಸುಮಾರು 6 ಮೀಟರ್, ಅಂದರೆ ಎರಡು ಅಂತಸ್ತಿನ ಮನೆಯಷ್ಟು. ತಲೆಯ ಕಡೆಯಿಂದ ನೋಡಿದರೆ ನಾಲ್ಕು, ಐದು, ಆರು, ಏಳು ಬದಿಗಳ ಆಕಾರ. ಯಾವುದೋ ದೇವಾಲಯಕ್ಕೆ ಶಿಲ್ಪಿಗಳು ಕಡೆದು ತಂದು ಹಾಗೆಯೇ ಬಿಟ್ಟುಹೋದಂತೆ ಕಾಣುತ್ತದೆ. ಉಳಿ ಮುಟ್ಟಿದ ಗುರುತು ಮಾತ್ರ ಎಲ್ಲಿಯೂ ಇಲ್ಲ.

ಶಿಲ್ಪಿ ಯಾರು?

ಉತ್ತರ ಕೆರೆಯಂಗಳದಲ್ಲಿದೆ. ಕೆಸರಿನಲ್ಲಿರುವ ನೀರು ಆರಿದಾಗ ಮಣ್ಣು ಕುಗ್ಗುತ್ತದೆ. ಎಲ್ಲ ಕಡೆಗೂ ಒಟ್ಟಿಗೆ ಕುಗ್ಗಲು ಹೊರಟಾಗ ಎಳೆತ ಹೆಚ್ಚಿ ಅಲ್ಲಲ್ಲಿ ಬಿರುಕು ಬಿಡುತ್ತದೆ. ಬಿರುಕುಗಳು ಒಂದನ್ನೊಂದು ಸೇರಿ ಬಿಲ್ಲೆಗಳಾಗುತ್ತವೆ.

ದ್ವೀಪದಲ್ಲಿ ಕೆಸರಿನ ಬದಲು ಲಾವಾ ಇತ್ತು. ಭೂಮಿಯ ಒಳಗಿನಿಂದ ಉಕ್ಕಿಬಂದ ಕರಗಿದ ಶಿಲೆ ಅದು. ಇಲ್ಲಿನದು ಸಿಲಿಕಾ ಹೆಚ್ಚಿರುವ ರಯೊಲೈಟ್ ಮತ್ತು ಡೇಸೈಟ್ ಜಾತಿಯ ಶಿಲೆ. ಇಂಥ ಲಾವಾದ ಬಿಸಿ ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಅದು ಹರಿದು ನಿಂತು ತಣ್ಣಗಾದಾಗ ಗಟ್ಟಿಯಾಯಿತು, ಕುಗ್ಗಿತು, ಬಿರುಕು ಬಿಟ್ಟಿತು. ಮೊದಲು ತಣ್ಣಗಾಗುವುದು ಗಾಳಿಗೆ ತೆರೆದ ಮೇಲ್ಭಾಗ ಮತ್ತು ನೆಲಕ್ಕೆ ತಾಗಿದ ತಳಭಾಗ. ಬಿರುಕು ಅಲ್ಲಿ ಹುಟ್ಟಿ, ತಂಪು ಒಳಕ್ಕೆ ಇಳಿದಂತೆಲ್ಲ ತಾನೂ ಒಳಕ್ಕೆ ಇಳಿಯಿತು. ಕೆರೆಯ ಮಣ್ಣಿನಲ್ಲಿ ಬಿಲ್ಲೆಯಾಗಿ ನಿಂತ ಆಕಾರ ಇಲ್ಲಿ ಕಂಬವಾಗಿ ಬೆಳೆಯಿತು.

ಆರು ಮೂಲೆ ಏಕೆ? ನೆಲಕ್ಕೆ ಹಾಸುವ ಬಿಲ್ಲೆಗಳನ್ನು ನೆನಪಿಸಿಕೊಳ್ಳಿ. ಒಂದೇ ಅಳತೆಯ ಬಿಲ್ಲೆಗಳಿಂದ ಸಂದಿಯಿಲ್ಲದಂತೆ ನೆಲ ತುಂಬಲು ತ್ರಿಕೋನ, ಚೌಕ, ಷಟ್ಕೋನ ಈ ಮೂರು ಸಮಭುಜ ಆಕಾರಗಳಿಗೆ ಮಾತ್ರ ಸಾಧ್ಯ. ಇವುಗಳಲ್ಲಿ ಅಷ್ಟೇ ಜಾಗಕ್ಕೆ ಕಡಿಮೆ ಅಂಚು ಬೇಕಾಗುವುದು ಷಟ್ಕೋನಕ್ಕೆ. ಅಂಚು ಕಡಿಮೆ ಎಂದರೆ ಬಿರುಕು ಕಡಿಮೆ, ಬಿರುಕು ಬಿಡಲು ಬೇಕಾದ ಶಕ್ತಿಯೂ ಕಡಿಮೆ. ಜೇನುಹುಳುವೂ ಗೂಡು ಕಟ್ಟುವಾಗ ಮೇಣ ಉಳಿಸುವುದು ಇದೇ ಲೆಕ್ಕದಿಂದ. ಆದರೆ ಲಾವಾ ಎಲ್ಲ ಕಡೆ ಒಂದೇ ಸಮನೆ ತಣ್ಣಗಾಗುವುದಿಲ್ಲ. ಅದಕ್ಕೇ ಐದು, ಏಳು ಮೂಲೆಯ ಕಂಬಗಳೂ ನಡುನಡುವೆ ಸೇರಿಕೊಂಡಿವೆ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಅಂಗಡಿಯಲ್ಲಿ ಸಿಗುವ ಕಾರ್ನ್‌ಫ್ಲೋರನ್ನು ಅಷ್ಟೇ ನೀರಿನಲ್ಲಿ ಕಲಸಿ ಒಂದು ಲೋಟಕ್ಕೆ ಹಾಕಿ. ಹಳೆಯ ಮಾದರಿಯ, ಬಿಸಿಯಾಗುವ ಬಲ್ಬಿನ ಕೆಳಗೆ ಕೆಲವು ದಿನ ಒಣಗಲು ಬಿಡಿ. ಪೂರ್ತಿ ಒಣಗಿದ ಮೇಲೆ ಗಟ್ಟಿಯನ್ನು ಹೊರತೆಗೆದು ನಿಧಾನವಾಗಿ ಬಿಡಿಸಿದರೆ ಪೆನ್ಸಿಲ್ ಕಡ್ಡಿಯಂಥ ಪುಟ್ಟ ಕಂಬಗಳು ಕಾಣುತ್ತವೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ, ಮುಂಬಯಿಯ ಅಂಧೇರಿಯಲ್ಲಿರುವ ಗಿಲ್ಬರ್ಟ್ ಹಿಲ್ ಇವೂ ಲಾವಾ ಹೀಗೆ ತಣ್ಣಗಾಗಿ ಮೂಡಿದ ಕಂಬಗಳೇ. ಆದರೆ ಅಲ್ಲಿನ ಶಿಲೆ ಬಸಾಲ್ಟ್.

ಮಡಗಾಸ್ಕರ್ ನಮ್ಮ ನೆರೆಯಲ್ಲಿದ್ದಾಗ

ಈ ಲಾವಾ ಉಕ್ಕಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ಮಲ್ಪೆಯ ಎದುರಿಗೆ ಇಷ್ಟು ದೊಡ್ಡ ಸಮುದ್ರವಿರಲಿಲ್ಲ. ಇಂದು ಆಫ್ರಿಕದ ಪಕ್ಕದಲ್ಲಿರುವ ಮಡಗಾಸ್ಕರ್ ಆಗ ಭಾರತದ ಪಶ್ಚಿಮ ಅಂಚಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗತೊಡಗಿದಾಗ ನೆಲ ಸೀಳಿ ಲಾವಾ ಹೊರಬಂತು. ಮಡಗಾಸ್ಕರಿನಲ್ಲಿಯೂ ಅದೇ ಕಾಲದ ಜ್ವಾಲಾಮುಖಿ ಶಿಲೆಗಳಿವೆ. ಮನೆ ಪಾಲಾದಾಗ ಎರಡೂ ಪಾಲಿನಲ್ಲಿ ಒಂದೇ ಗೋಡೆಯ ಗುರುತು ಉಳಿದ ಹಾಗೆ, ಒಡೆದ ನೆಲದ ಎರಡು ತುಂಡುಗಳಲ್ಲೂ ಆ ದಿನಗಳ ಸಾಕ್ಷಿ ಉಳಿದಿದೆ.

ಪ್ರೌಢಶಾಲೆಯ ಮಕ್ಕಳು ಇಲ್ಲಿ ಒಂದು ಲೆಕ್ಕ ಮಾಡಬಹುದು. ಮಲ್ಪೆಗೂ ಮಡಗಾಸ್ಕರಿನ ಉತ್ತರ ತುದಿಗೂ ಈಗ ಸುಮಾರು 4000 ಕಿ.ಮೀ. ಅಂತರ. ಅದನ್ನು ಸೆಂಟಿಮೀಟರಿಗೆ ತಿರುಗಿಸಿ 8.8 ಕೋಟಿಯಿಂದ ಭಾಗಿಸಿದರೆ ವರ್ಷಕ್ಕೆ ಸರಾಸರಿ ಸುಮಾರು 4.5 ಸೆಂ.ಮೀ. ಹೆಚ್ಚುಕಡಿಮೆ ನಮ್ಮ ಬೆರಳಿನ ಉಗುರು ಬೆಳೆಯುವ ವೇಗ! ನಡುವೆ ಕೆಲವು ಕಾಲ ಭಾರತ ಇದಕ್ಕಿಂತ ಬಲು ಬೇಗ ಸಾಗಿತ್ತು. ಸರಾಸರಿಯಲ್ಲಿ ಮಾತ್ರ, ಉಗುರು ಬೆಳೆದಷ್ಟು ನಿಧಾನಕ್ಕೆ ಒಂದು ಮಹಾಸಾಗರ ತೆರೆದುಕೊಂಡಿತು.

ಅಣ್ಣ ಮನೆಯಲ್ಲೇ ಇದ್ದಾನೆ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕರ್ನಾಟಕದಲ್ಲಿ ಇಂಥ ಸ್ಮಾರಕಗಳು ನಾಲ್ಕು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಒಂದು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಇನ್ನೊಂದು. ಸೇಂಟ್ ಮೇರೀಸ್ ಮೂರನೆಯದು. ನಾಲ್ಕನೆಯದು ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯಲ್ಲಿದೆ!

ಪೆದ್ದಪಲ್ಲಿಯ ಶಿಲೆಯೂ ಜ್ವಾಲಾಮುಖಿಯ ಮಗುವೇ. ಆದರೆ ಇಲ್ಲಿ ಲಾವಾ ಶಾಂತವಾಗಿ ನಿಂತು ಕಂಬವಾಗಲಿಲ್ಲ. ಸ್ಫೋಟದಲ್ಲಿ ಸಿಡಿದ ಕಲ್ಲಿನ ತುಣುಕುಗಳು ದೊಡ್ಡದು ಚಿಕ್ಕದು ಎನ್ನದೆ ಒಟ್ಟಿಗೆ ಬಿದ್ದು ಬೆಸೆದುಕೊಂಡವು. ಕೋಲಾರದ ಚಿನ್ನವನ್ನು ಹೊತ್ತ ಶಿಲಾಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ. ಆ ಪಟ್ಟಿಯ ಹೊಟ್ಟೆಯೊಳಕ್ಕೇ ಗಣಿಗಳು 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿದ್ದವು. 2001ರಲ್ಲಿ ಅವು ಮುಚ್ಚಿದವು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ದ್ವೀಪ ಒಂದು ವರ್ಷದ ಕೂಸು ಎಂದುಕೊಂಡರೆ ಕೋಲಾರದ ಶಿಲೆ ಮೂವತ್ತು ವರ್ಷದ ಅಣ್ಣ. ತಮ್ಮನನ್ನು ನೋಡಲು 470 ಕಿ.ಮೀ. ಹೋಗುವ ಕುಟುಂಬಗಳಲ್ಲಿ ಎಷ್ಟು ಜನ ಹತ್ತಿರದಲ್ಲೇ ಇರುವ ಅಣ್ಣನ ಮುಖ ನೋಡಿದ್ದಾರೆ? ಪ್ರವಾಸಕ್ಕೆ ಮೊದಲ ಭಾನುವಾರ ಮಕ್ಕಳನ್ನು ಪೆದ್ದಪಲ್ಲಿಗೆ ಕರೆದೊಯ್ದು ಬಂಡೆ ತೋರಿಸಿದರೆ, ದ್ವೀಪಕ್ಕೆ ಹೋದಾಗ ಅವರ ಪ್ರಶ್ನೆಗಳೇ ಬೇರೆಯಾಗಿರುತ್ತವೆ. ಬಸ್ಸಿನ ಖರ್ಚಿಗೆ ಅನುಕೂಲವಿಲ್ಲದ ಮನೆಯವರಿಗೆ ಪೆದ್ದಪಲ್ಲಿಯೇ ಸಾಕು. ಪಾಠ ಅಲ್ಲಿಯೂ ಪೂರ್ತಿಯಾಗಿ ಸಿಗುತ್ತದೆ.

ಕಡಲು ಕೆರೆಯಂತಲ್ಲ

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಲೇಬೇಕು. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಶೈಕ್ಷಣಿಕ ಪ್ರವಾಸಕ್ಕೆ ಹೋಗಿ ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಇದೇ ಸೇಂಟ್ ಮೇರೀಸ್ ದ್ವೀಪದಲ್ಲಿ 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದರು. ಮಕ್ಕಳನ್ನು ಕಡಲು ನೋಡಲು ಕಳಿಸಿದ ತಂದೆತಾಯಿಗಳು ಅವರನ್ನು ಮತ್ತೆ ಮನೆಗೆ ಬರಮಾಡಿಕೊಳ್ಳಲಿಲ್ಲ. ಇದನ್ನು ಮರೆತು ಕಡಲಿನ ಸೊಗಸನ್ನಷ್ಟೇ ಹೇಳಿದರೆ ತಪ್ಪಾದೀತು.

ಬಯಲುಸೀಮೆಯ ಮಕ್ಕಳಿಗೆ ನೀರು ಎಂದರೆ ಕೆರೆ, ಬಾವಿ, ಕುಂಟೆ. ಅಲ್ಲಿ ಆಳಕ್ಕೆ ಹೋಗದಿದ್ದರೆ ಅಪಾಯ ಕಡಿಮೆ, ನೀರು ತಾನಾಗಿ ಯಾರನ್ನೂ ಎಳೆಯುವುದಿಲ್ಲ. ಕಡಲು ಎಳೆಯುತ್ತದೆ. ಅಲೆಗಳು ನೀರನ್ನು ದಡಕ್ಕೆ ತಳ್ಳುತ್ತಲೇ ಇರುತ್ತವೆ. ತಳ್ಳಿದ ನೀರು ಎಲ್ಲಿಂದಲಾದರೂ ಹಿಂದಕ್ಕೆ ಹೋಗಬೇಕಲ್ಲ? ಅದು ಇಕ್ಕಟ್ಟಾದ ಒಂದು ದಾರಿ ಹಿಡಿದು ರಭಸದಿಂದ ಕಡಲಿಗೆ ಮರಳುತ್ತದೆ. ಕೆರೆಯ ಕೋಡಿ ಹರಿದಂತೆ ಎನ್ನಬಹುದು. ಇದನ್ನು ಸೆಳೆತ ಎನ್ನುತ್ತಾರೆ. ಮೋಸ ಇರುವುದು ಇಲ್ಲಿಯೇ: ಸೆಳೆತ ಇರುವ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಹೊಸಬರ ಕಣ್ಣಿಗೆ ಅದೇ ಶಾಂತವಾಗಿ, ಇಳಿಯಲು ಯೋಗ್ಯವಾಗಿ ಕಾಣುತ್ತದೆ. ಸೆಳೆತಕ್ಕೆ ಸಿಕ್ಕವರು ದಡದತ್ತ ಈಜಲು ಹೊರಟರೆ ಬೇಗ ಸೋಲುತ್ತಾರೆ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಬಂದು, ಆಮೇಲೆ ದಡ ಹಿಡಿಯಬೇಕು. ಈಜು ಬಾರದವರಿಗೆ ಇರುವುದು ಒಂದೇ ನಿಯಮ: ಇಳಿಯಬಾರದು.

ದ್ವೀಪದ ಅಪಾಯ ಇನ್ನೊಂದು ಬಗೆಯದು. ಅಲೆ ತಾಗುವ ಬಂಡೆಗಳ ಮೇಲೆ ಪಾಚಿ ಬೆಳೆದಿರುತ್ತದೆ. ಒಣಗಿದಂತೆ ಕಂಡರೂ ಕಾಲು ಜಾರುತ್ತದೆ. ಅಲೆಗಳೆಲ್ಲ ಒಂದೇ ಎತ್ತರದವಲ್ಲ. ಹತ್ತು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡ ಅಲೆ ಬರಬಹುದು. ಕಡಲಿಗೆ ಬೆನ್ನು ಮಾಡಿ ಫೋಟೊಗೆ ನಿಂತವರಿಗೆ ಅದು ಕಾಣುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಬೆಳಗ್ಗೆ ನಡೆದುಹೋದ ಕಲ್ಲು ಮಧ್ಯಾಹ್ನ ನೀರಿನೊಳಗಿರಬಹುದು.

ಹಾಗೆಂದು ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ದೋಣಿಯಲ್ಲಿ ಪ್ರತಿಯೊಬ್ಬರೂ ಜೀವರಕ್ಷಕ ಅಂಗಿ ತೊಟ್ಟು ಅದರ ಪಟ್ಟಿ ಬಿಗಿದುಕೊಳ್ಳಬೇಕು. ನಿಷೇಧದ ಫಲಕ, ಹಗ್ಗ, ಕೆಂಪು ಬಾವುಟ ಕಂಡಲ್ಲಿಂದ ಮುಂದೆ ಹೋಗಬಾರದು. ಕಾವಲಿನವರು ಸೀಟಿ ಊದಿದರೆ ವಾದ ಮಾಡದೆ ಹಿಂದಕ್ಕೆ ಬರಬೇಕು. ಮಕ್ಕಳ ಮೇಲೆ ಕಣ್ಣಿಡುವ ಕೆಲಸವನ್ನು ‘ಎಲ್ಲರೂ ನೋಡುತ್ತಿರುತ್ತಾರೆ’ ಎಂದು ಬಿಡದೆ, ಇಂಥ ಮಗುವಿಗೆ ಇಂಥವರು ಎಂದು ಹೊರಡುವ ಮೊದಲೇ ಹಂಚಿಕೊಳ್ಳಬೇಕು. ಶಾಲೆಯಿಂದ ಪ್ರವಾಸ ಹೊರಟರೆ ಯಾರು ಎಷ್ಟು ಮಕ್ಕಳಿಗೆ ಹೊಣೆ, ನೀರಿಗೆ ಇಳಿಸುತ್ತಾರೋ ಇಲ್ಲವೋ ಎಂದು ತಂದೆತಾಯಿಗಳು ಕೇಳಬೇಕು. ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳಬಾರದು.

ಕೆಡದೆ ಉಳಿಯುವುದು ಹೇಗೆ?

8.8 ಕೋಟಿ ವರ್ಷಗಳ ಅಲೆಗಳನ್ನು ತಡೆದ ಕಂಬಗಳು ಒಂದು ಮೊಳೆಯಿಂದ ಹೆಸರು ಕೊರೆಯುವ ಕೈಯನ್ನು ತಡೆಯಲಾರವು. ಅರ್ಧ ಕಿಲೋಮೀಟರ್ ಉದ್ದದ ನೆಲ. ಬಂದವರು ಒಬ್ಬೊಬ್ಬರು ಒಂದೊಂದು ಬಾಟಲಿ ಬಿಟ್ಟುಹೋದರೂ ಒಂದು ಋತುವಿನಲ್ಲಿ ಅದು ತಿಪ್ಪೆಯಾಗುತ್ತದೆ. ಅಲ್ಲಿಂದ ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ ನೇರವಾಗಿ ಕಡಲಿಗೇ ಬೀಳುತ್ತದೆ. ಕಡಲಾಮೆಗಳು ಅಂಥ ಚೀಲಗಳನ್ನು ಅಂಬಲಿಮೀನೆಂದು ನುಂಗುತ್ತವೆ.

ಚಿಪ್ಪುಗಳ ವಿಷಯವೂ ಹಾಗೆಯೇ. ಮನೆಯ ಷೋಕೇಸಿಗೆ ಎಂದು ಚೀಲ ತುಂಬಿಕೊಳ್ಳುವ ಆಸೆ ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು. ಆದರೆ ಖಾಲಿ ಶಂಖದೊಳಗೆ ಸನ್ಯಾಸಿ ಏಡಿ ಮನೆ ಮಾಡಿಕೊಳ್ಳುತ್ತದೆ. ಉಳಿದವು ಪುಡಿಯಾಗಿ ಆ ದ್ವೀಪದ ಮರಳಾಗುತ್ತವೆ. ಚಿಪ್ಪು ಸುಣ್ಣದ ವಸ್ತು ಎಂದು ತಿಳಿಯಲು ಒಡೆದ ಒಂದು ಚೂರಿನ ಮೇಲೆ ಅಲ್ಲಿಯೇ ಎರಡು ಹನಿ ನಿಂಬೆರಸ ಬಿಟ್ಟರೆ ಸಾಕು. ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಪ್ರಯೋಗ ಮುಗಿಯಿತು, ಚೂರು ಅಲ್ಲಿಯೇ ಇರಲಿ. ನೆನಪಿಗೆ ಒಂದು ನೋಟ್‌ಬುಕ್ಕಿನಲ್ಲಿ ಹತ್ತು ಕಂಬಗಳ ತಲೆಯ ಚಿತ್ರ ಬರೆದು, ಎಷ್ಟಕ್ಕೆ ಐದು ಮೂಲೆ, ಎಷ್ಟಕ್ಕೆ ಆರು ಎಂದು ಪಟ್ಟಿ ಮಾಡಿಕೊಂಡರೆ ಷೋಕೇಸಿನ ಚಿಪ್ಪಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಹೊರಡುವ ಮೊದಲು

ಮುಂಗಾರಿನ ತಿಂಗಳುಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಡಲು ಕೆರಳಿರುವುದರಿಂದ ದ್ವೀಪಕ್ಕೆ ದೋಣಿ ಇರುವುದಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಕೆಲಸ ಶುರುವಾಗುವ ಮೊದಲು, ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ದಿನಗಳು ಅನುಕೂಲ. ಬಿಸಿಲೂ ಹದವಾಗಿರುತ್ತದೆ. ಗಾಳಿ ಜೋರಾದ ದಿನ ಬೇರೆ ಕಾಲದಲ್ಲೂ ದೋಣಿ ನಿಲ್ಲಿಸುತ್ತಾರೆ. ಹಾಗಾದರೆ ಬೇಸರಪಡದೆ ಉಡುಪಿಯ ಕೃಷ್ಣಮಠ, ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ನೋಡಿ ಬರಬಹುದು. ಕುಡಿಯುವ ನೀರು, ಟೋಪಿ, ಜಾರದ ಅಡಿಯ ಚಪ್ಪಲಿ, ಕಸ ಹಾಕಿಕೊಂಡು ವಾಪಸು ತರಲು ಒಂದು ಬಟ್ಟೆಯ ಚೀಲ ಜೊತೆಯಲ್ಲಿರಲಿ. ಸಂಜೆಯೊಳಗೆ ಎಲ್ಲರೂ ಮಲ್ಪೆಗೆ ಹಿಂದಿರುಗಬೇಕು. ಭಾನುವಾರ ರಾತ್ರಿಯ ಬಸ್ಸೋ ರೈಲೋ ಹಿಡಿದರೆ ಸೋಮವಾರ ಬೆಳಗ್ಗೆ ಬೆಂಗಳೂರು, ಅಲ್ಲಿಂದ ನಮ್ಮೂರು.

ಊರು ಹತ್ತಿರವಾದಾಗ ಬಸ್ಸಿನ ಕಿಟಕಿಯಿಂದ ಮತ್ತೆ ಕೆರೆಯಂಗಳ ಕಾಣುತ್ತದೆ. ನೀರಿಲ್ಲದ ಕೆರೆಯಾದರೆ ಅದೇ ಒಣಗಿದ ಮಣ್ಣು, ಅದೇ ಬಿರುಕು. ಮೂರು ದಿನದ ಹಿಂದೆ ಅದನ್ನು ನೋಡದೆ ದಾಟಿಹೋದ ಹುಡುಗಿ ಈ ಸಲ ತಮ್ಮನಿಗೆ ಬೆರಳು ತೋರಿಸಿ ಮೂಲೆಗಳನ್ನು ಎಣಿಸಲು ಹೇಳಿದರೆ, ಅಪ್ಪ ಅಮ್ಮ ಕೊಟ್ಟ ಟಿಕೆಟ್ಟಿನ ದುಡ್ಡು ಸಾರ್ಥಕ.